ಕಡಲ ಗಾಳಿ ವಿದ್ಯುತ್: ಪ್ರಯೋಗಾಲಯದ ಉತ್ತರವನ್ನು ಸಮುದ್ರದ ಟರ್ಬೈನಿಗೆ ಮುಟ್ಟಿಸುವ ದಾರಿ

ವಿಶ್ವವಿದ್ಯಾಲಯ ಮತ್ತು ಕಂಪನಿ ಸೇರಿ ನಡೆಸುವ ಕಡಲ ಗಾಳಿ ಯೋಜನೆಗಳು ವಿಜ್ಞಾನ ಕೈಕೊಟ್ಟು ಸೋಲುವುದು ಅಪರೂಪ. ಉತ್ತರ ಸಿಗುತ್ತದೆ, ಪ್ರಬಂಧ ಅಚ್ಚಾಗುತ್ತದೆ, ವಿದ್ಯಾರ್ಥಿಗೆ ಪದವಿಯೂ ಬರುತ್ತದೆ. ಆದರೆ ಆ ಉತ್ತರವನ್ನು ನಂಬಿ ವಿನ್ಯಾಸದ ಕಡತಕ್ಕೆ ಸಹಿ ಹಾಕಲು ಯಾವ ಎಂಜಿನಿಯರೂ ಮುಂದೆ ಬರುವುದಿಲ್ಲ. ಪ್ರಶ್ನೆಯ ಹಿಂದೆ ಯಾರ ನಿರ್ಧಾರವೂ ಇರಲಿಲ್ಲ, ಡೇಟಾ ತಡವಾಗಿ ಬಂತು, ವಿನ್ಯಾಸ ಸುರಕ್ಷಿತವೆಂದು ದೃಢೀಕರಿಸುವ ಪ್ರಮಾಣೀಕರಣ ಸಂಸ್ಥೆಯನ್ನು ಕೊನೆಯ ತಿಂಗಳಲ್ಲಿ ಕರೆದರು: ಈ ಮೂರರಲ್ಲಿ ಒಂದಾದರೂ ಆಗಿರುತ್ತದೆ. ಮೂರನ್ನೂ ಮೊದಲೇ ತಡೆಯಬಹುದು. ಹೇಗೆಂಬುದನ್ನು ಸಂಶೋಧಕರಿಗೂ ಕಂಪನಿಯ ಎಂಜಿನಿಯರುಗಳಿಗೂ ಒಟ್ಟಿಗೆ ಹೇಳುವ ಲೇಖನ ಇದು.

ಮೊದಲು, ದಡ ಸೇರಿದ ಒಂದು ಯೋಜನೆ

ಪೈಲ್ ಸಾಯಿಲ್ ಅನಾಲಿಸಿಸ್ ಎಂಬ ಯೋಜನೆಯನ್ನು ಈ ರಂಗದವರೆಲ್ಲ ಪೀಸಾ ಎಂದೇ ಕರೆಯುತ್ತಾರೆ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ 2008ರಲ್ಲಿ ಆರಂಭಿಸಿದ ಆಫ್‌ಶೋರ್ ವಿಂಡ್ ಆಕ್ಸಿಲರೇಟರ್ ಎಂಬ ಜಂಟಿ ಕಾರ್ಯಕ್ರಮದ ಅಡಿಯಲ್ಲಿ ಅದು ನಡೆಯಿತು. ಆಗ ಡಾಂಗ್ ಎನರ್ಜಿ ಎಂಬ ಹೆಸರಿದ್ದ, ಈಗಿನ ಓರ್ಸ್ಟೆಡ್ ಕಂಪನಿಯ ಮುಂದಾಳತ್ವ. ಆಕ್ಸ್‌ಫರ್ಡ್, ಇಂಪೀರಿಯಲ್ ಕಾಲೇಜ್ ಲಂಡನ್ ಮತ್ತು ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ ಸಂಶೋಧನಾ ಪಾಲುದಾರರು.

ಅವರು ಹಿಡಿದ ತೊಂದರೆ ಇದು. ಟರ್ಬೈನನ್ನು ಹೊರುವ ಮೊನೊಪೈಲ್, ಅಂದರೆ ಸಮುದ್ರತಳಕ್ಕೆ ಬಡಿದು ಇಳಿಸುವ ಒಂಟಿ ಉಕ್ಕಿನ ಕೊಳವೆ, ಪಕ್ಕದಿಂದ ಬರುವ ಬಲಕ್ಕೆ ಎಷ್ಟು ಬಾಗುತ್ತದೆ ಎಂಬುದನ್ನು ಮಣ್ಣನ್ನು ಸ್ಪ್ರಿಂಗುಗಳ ಸಾಲಿನಂತೆ ಎಣಿಸುವ ಪಿ-ವೈ ವಿಧಾನದಿಂದ ಲೆಕ್ಕ ಹಾಕುತ್ತಿದ್ದರು. ಆ ವಿಧಾನ ತೈಲ ವೇದಿಕೆಗಳ ತೆಳ್ಳನೆಯ ಉದ್ದ ಪೈಲುಗಳ ಪರೀಕ್ಷೆಯಿಂದ ಬಂದದ್ದು. ಅವುಗಳ ವ್ಯಾಸ ಅರ್ಧ ಮೀಟರಿನ ಆಸುಪಾಸು, ಉದ್ದ ಆ ವ್ಯಾಸದ ಹತ್ತಾರು ಪಟ್ಟು. ಮೊನೊಪೈಲಿನ ವ್ಯಾಸವಾದರೋ 6 ಮೀಟರು ದಾಟುತ್ತದೆ, ಹೂತಿರುವ ಉದ್ದ ವ್ಯಾಸದ ಕೆಲವೇ ಪಟ್ಟು. ತೆಳ್ಳನೆಯ ಪೈಲ್ ಬಾಗುತ್ತದೆ. ಈ ದಪ್ಪ ಕೊಳವೆ ಇಡಿಯಾಗಿ ತಿರುಗುತ್ತದೆ. ಆಗ ಅದರ ಮೈಯ ಮೇಲಿನ ಲಂಬ ಘರ್ಷಣೆ, ತಳದ ಅಡ್ಡಬಲ, ತಳದ ತಿರುಗುಬಲ ಎಲ್ಲವೂ ಲೆಕ್ಕಕ್ಕೆ ಬರಬೇಕು. ಹಳೆಯ ವಿಧಾನದಲ್ಲಿ ಅವು ಇರಲಿಲ್ಲ. ಪರಿಣಾಮವಾಗಿ, ಪ್ರತಿ ಪೈಲಿಗೂ ಬೇಡದ ಉಕ್ಕು ಸೇರುತ್ತಿತ್ತು.

ಇಂಗ್ಲೆಂಡಿನ ಕೌಡನ್‌ನಲ್ಲಿ ಗಟ್ಟಿ ಜೇಡಿಮಣ್ಣು, ಫ್ರಾನ್ಸಿನ ಡಂಕರ್ಕ್‌ನಲ್ಲಿ ಒತ್ತಾದ ಮರಳು. ಎರಡೂ ಕಡೆ ನೆಲದ ಮೇಲೆ 0.273, 0.762 ಮತ್ತು 2 ಮೀಟರು ವ್ಯಾಸದ ಪೈಲುಗಳನ್ನು ಬಡಿದು ಎಳೆದು ನೋಡಿದರು. ಮೂರು ಅಳತೆ ಏಕೆಂದರೆ, ಗಾತ್ರ ಬೆಳೆದಂತೆ ನಿಯಮವೂ ಬೆಳೆಯುತ್ತದೆ ಎಂದು ತೋರಿಸದೆ 8 ಮೀಟರಿನ ಪೈಲಿಗೆ ಅದನ್ನು ಹೊಂದಿಸಲು ಯಾರೂ ಒಪ್ಪುವುದಿಲ್ಲ. ಇನ್ನೊಂದು ಜಾಣತನ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: ಕೊನೆಯ ಫಲವನ್ನು ಮೂರು ಆಯಾಮದ ಭಾರೀ ಗಣನೆಯಾಗಿ ಕೊಡಲಿಲ್ಲ. ಎಂಜಿನಿಯರುಗಳು ಮೊದಲಿನಿಂದ ಬಳಸುತ್ತಿದ್ದ ತೊಲೆ ಮತ್ತು ಸ್ಪ್ರಿಂಗುಗಳ ಸರಳ ಮಾದರಿಯನ್ನೇ ಇಟ್ಟುಕೊಂಡು, ಒಂದು ಬಗೆಯ ಸ್ಪ್ರಿಂಗ್ ಇದ್ದ ಕಡೆ ನಾಲ್ಕು ಬಗೆಯದನ್ನು ಕೂರಿಸಿದರು. ವಿನ್ಯಾಸ ಕಚೇರಿಯ ದಿನನಿತ್ಯದ ಕೆಲಸ ಬದಲಾಗಲಿಲ್ಲ, ಉತ್ತರ ಮಾತ್ರ ಬದಲಾಯಿತು. ಆಮೇಲೆ ಆ ವಿಧಾನ ಪ್ಲಾಕ್ಸಿಸ್ ಎಂಬ ಮಣ್ಣಿನ ಲೆಕ್ಕದ ತಂತ್ರಾಂಶದೊಳಗೆ ಒಂದು ಸಾಧನವಾಗಿಯೂ ಬಂತು.

ಹೆಜ್ಜೆ 1: ಪ್ರಶ್ನೆಗೆ ಒಂದು ನಿರ್ಧಾರವನ್ನು ಕಟ್ಟಿ

ಜಂಟಿ ಸಭೆಯ ಮೊದಲ ದಿನವೇ ಒಂದು ವಾಕ್ಯ ಬರೆಯಿರಿ. ಅದರಲ್ಲಿ ನಾಲ್ಕು ಅಂಶ ಇರಬೇಕು: ಯಾವ ನಿರ್ಧಾರ, ಅದನ್ನು ತೆಗೆದುಕೊಳ್ಳುವ ಹುದ್ದೆ, ಯಾವ ದಿನಾಂಕದೊಳಗೆ, ಯಾವ ಸಂಖ್ಯೆ ಬದಲಾದರೆ ನಿರ್ಧಾರವೂ ಬದಲಾಗುತ್ತದೆ.

"ವೇಕ್ ಬಗ್ಗೆ ಆಳವಾದ ತಿಳುವಳಿಕೆ" ಎಂಬುದು ಪ್ರಶ್ನೆಯಲ್ಲ. ವೇಕ್ ಎಂದರೆ ಟರ್ಬೈನಿನ ಹಿಂದೆ ಉಳಿಯುವ ಬಲಗುಂದಿದ ಗಾಳಿ; ಅದರ ಬಗ್ಗೆ ತಿಳಿಯಬೇಕಾದ್ದಕ್ಕೆ ಕೊನೆಯಿಲ್ಲ. "ಗಾಳಿ ಬರುವ ದಿಕ್ಕಿನಲ್ಲಿ 10 ಕಿಲೋಮೀಟರು ದೂರದಲ್ಲಿ ನೆರೆಯ ಸ್ಥಾವರ ಬಂದರೆ ನಮ್ಮ ವಾರ್ಷಿಕ ಉತ್ಪಾದನೆ ಎಷ್ಟು ಶೇಕಡಾ ಕುಸಿಯುತ್ತದೆ, 2 ಶೇಕಡಾ ಮೀರಿದರೆ ಟರ್ಬೈನುಗಳ ವಿನ್ಯಾಸ ನಕ್ಷೆಯನ್ನು ಬದಲಿಸುತ್ತೇವೆ" ಎಂದರೆ ಅದು ಪ್ರಶ್ನೆ. ಇಂಥ ಪ್ರಶ್ನೆಗಳಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಸಾಕ್ಷಿ ಬೇಕೆಂದರೆ, 2019ರ ಅಕ್ಟೋಬರಿನಲ್ಲಿ ಓರ್ಸ್ಟೆಡ್ ಕಂಪನಿಯೇ ತನ್ನ ಉತ್ಪಾದನಾ ಮುನ್ನಂದಾಜುಗಳು ವೇಕ್ ಮತ್ತು ಬ್ಲಾಕೇಜ್ ಪರಿಣಾಮಗಳನ್ನು ಕಡಿಮೆ ಎಣಿಸಿದ್ದವು ಎಂದು ಬಹಿರಂಗವಾಗಿ ಹೇಳಿ ಲಾಭದ ನಿರೀಕ್ಷೆಯನ್ನು ತಗ್ಗಿಸಿತು. ಬ್ಲಾಕೇಜ್ ಎಂದರೆ ಟರ್ಬೈನುಗಳ ಸಾಲಿಗೆ ಇನ್ನೂ ತಲುಪುವ ಮೊದಲೇ ಗಾಳಿ ನಿಧಾನವಾಗುವುದು.

ಇಲ್ಲಿ ಎಡವುವುದು ಕಾಲದ ವಿಚಾರದಲ್ಲಿ. ಡಾಕ್ಟರೇಟ್ ಸಂಶೋಧನೆಗೆ 3ರಿಂದ 4 ವರ್ಷ ಬೇಕು. ಒಂದು ಸ್ಥಾವರದ ವಿನ್ಯಾಸ ಅಂತಿಮವಾಗುವ ದಿನಾಂಕ ಕೆಲವೇ ತಿಂಗಳು ದೂರ ಇರುತ್ತದೆ, ಅಷ್ಟರಲ್ಲಿ ಟರ್ಬೈನಿನ ಮಾದರಿಯೇ ಬದಲಾಗಿರಬಹುದು. ಆದ್ದರಿಂದ ಒಂದೇ ಸ್ಥಾವರಕ್ಕೆ ಅಂಟಿದ ಪ್ರಶ್ನೆಯನ್ನು ಸಲಹಾ ಕೆಲಸವಾಗಿ 6 ತಿಂಗಳಲ್ಲಿ ಮುಗಿಸಿ. ಪ್ರತಿ ಸ್ಥಾವರದಲ್ಲೂ ಮತ್ತೆ ಮತ್ತೆ ತಲೆ ಎತ್ತುವ ಪ್ರಶ್ನೆಯನ್ನು ಡಾಕ್ಟರೇಟಿಗೆ ಇಡಿ. ಎರಡನ್ನೂ ಬೆರೆಸಿದರೆ ವಿದ್ಯಾರ್ಥಿಗೂ ಕಂಪನಿಗೂ ನಷ್ಟ.

ಹೆಜ್ಜೆ 2: ನಾಲ್ಕು ಕುರ್ಚಿ, ಮೊದಲ ಸಭೆಯಿಂದಲೇ

ಸ್ಥಾವರದ ಮಾಲೀಕ ಕಂಪನಿ, ಟರ್ಬೈನ್ ತಯಾರಕರು, ವಿಶ್ವವಿದ್ಯಾಲಯ, ಪ್ರಮಾಣೀಕರಣ ಸಂಸ್ಥೆ. ಕೊನೆಯ ಎರಡನ್ನು ಕೂರಿಸುವುದು ಸುಲಭ. ಮಾಲೀಕ ಕಂಪನಿಯಿಂದ ಸಂಶೋಧನಾ ವಿಭಾಗದ ಮುಖ್ಯಸ್ಥರ ಜೊತೆಗೆ, ಫಲಿತಾಂಶವನ್ನು ನಿಜವಾಗಿ ಬಳಸಬೇಕಾದ ವಿನ್ಯಾಸ ಅಥವಾ ನಿರ್ವಹಣಾ ಎಂಜಿನಿಯರ್ ಬೇಕೇ ಬೇಕು. ಅವರ ವಾರದ ಅರ್ಧ ದಿನವನ್ನು ಬಜೆಟ್ಟಿನಲ್ಲಿ ಬರೆದಿಡಿ. ಬರೆಯದಿದ್ದರೆ ಆ ಅರ್ಧ ದಿನ ಎಂದೂ ಸಿಗುವುದಿಲ್ಲ.

ಟರ್ಬೈನ್ ತಯಾರಕರು ನಿಯಂತ್ರಕದ ಕೋಡನ್ನೂ ಬ್ಲೇಡಿನ ವಿವರವನ್ನೂ ಕೊಡುವುದಿಲ್ಲ. ಕೊಡಿ ಎಂದು ವರ್ಷಗಟ್ಟಲೆ ಕೇಳುತ್ತ ಕೂರುವುದು ವ್ಯರ್ಥ. ಕಾಗದದ ಮೇಲಷ್ಟೇ ಇರುವ, ವಿವರವೆಲ್ಲ ತೆರೆದಿಟ್ಟ ಸಾರ್ವಜನಿಕ ರೆಫರೆನ್ಸ್ ಟರ್ಬೈನುಗಳು ಇರುವುದೇ ಇದಕ್ಕಾಗಿ: ಅಮೆರಿಕದ ಎನ್‌ಆರ್‌ಇಎಲ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ 5 ಮೆಗಾವ್ಯಾಟ್ ಮಾದರಿ, ರೋಟರ್ ವ್ಯಾಸ 126 ಮೀಟರು, ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ (ಡಿಟಿಯು) 2013ರ 10 ಮೆಗಾವ್ಯಾಟ್, 2020ರಲ್ಲಿ ಐಇಎ ವಿಂಡ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಹಕಾರ ಹೊರತಂದ 15 ಮೆಗಾವ್ಯಾಟ್, ರೋಟರ್ 240 ಮೀಟರು, ಹಬ್ ಎತ್ತರ 150 ಮೀಟರು. ಇವು ಓಪನ್‌ಫಾಸ್ಟ್ ಎಂಬ ಮುಕ್ತ ತಂತ್ರಾಂಶದಲ್ಲಿ ಓಡುತ್ತವೆ. ವಿಶ್ವವಿದ್ಯಾಲಯ ತನ್ನ ವಿಧಾನವನ್ನು ರೆಫರೆನ್ಸ್ ಟರ್ಬೈನಿನ ಮೇಲೆ ಕಟ್ಟಲಿ. ಅದೇ ಹೊರೆಯ ಪ್ರಕರಣಗಳನ್ನು ತಯಾರಕರು ತಮ್ಮ ಗೋಡೆಯೊಳಗೆ ತಮ್ಮ ನಿಜವಾದ ಮಾದರಿಯ ಮೇಲೆ ಓಡಿಸಿ, ಹೊಸ ವಿಧಾನಕ್ಕೂ ಹಳೆಯದಕ್ಕೂ ಇರುವ ಅನುಪಾತವನ್ನು ಮಾತ್ರ ಹಿಂತಿರುಗಿಸಲಿ. ಗುಟ್ಟು ಉಳಿಯುತ್ತದೆ, ವಿಧಾನಕ್ಕೆ ಪರೀಕ್ಷೆಯೂ ಆಗುತ್ತದೆ.

ಹೆಜ್ಜೆ 3: ಒಪ್ಪಂದ

ಖಾಲಿ ಹಾಳೆಯಿಂದ ಶುರು ಮಾಡಬೇಡಿ. ಬ್ರಿಟನ್ನಿನ ಲ್ಯಾಂಬರ್ಟ್ ಮಾದರಿ ಒಪ್ಪಂದಗಳು, ಯುರೋಪಿನ ಡೆಸ್ಕಾ ಮಾದರಿ ಒಕ್ಕೂಟ ಒಪ್ಪಂದ ಇವೆರಡೂ ಸಾರ್ವಜನಿಕವಾಗಿ ಸಿಗುತ್ತವೆ. ವಕೀಲರ ಓಡಾಟ ಎಷ್ಟೋ ಕಡಿಮೆಯಾಗುತ್ತದೆ.

ಯೋಜನೆಗೆ ಮುಂಚೆ ಯಾರ ಬಳಿ ಏನಿತ್ತು ಎಂಬುದನ್ನು ಅನುಬಂಧದಲ್ಲಿ ಕಡತಗಳ ಹೆಸರು ಮತ್ತು ಆವೃತ್ತಿ ಸಂಖ್ಯೆಯೊಂದಿಗೆ ಪಟ್ಟಿ ಮಾಡಿ. "ಸಂಬಂಧಿತ ಜ್ಞಾನ" ಎಂಬಂಥ ಮಾತು ಮುಂದೆ ಜಗಳಕ್ಕೆ ದಾರಿ. ಪ್ರಕಟಣೆಗೆ ಮುಂಚೆ ಕಂಪನಿಗೆ ಪರಿಶೀಲನೆಗೆ 30 ದಿನ, ಪೇಟೆಂಟ್ ಅರ್ಜಿ ಬೇಕಾದರೆ ಮತ್ತೆ 60 ದಿನ ಎಂದು ಮಿತಿ ಹಾಕಿ. ಆ ಗಡುವು ಮುಗಿದರೆ ಮೌನವನ್ನೇ ಒಪ್ಪಿಗೆ ಎಂದು ತಿಳಿಯಬೇಕು ಎಂದೂ ಬರೆಯಿರಿ. ಪದವಿ ಪ್ರಬಂಧವನ್ನು ಯಾವ ಕಾರಣಕ್ಕೂ ತಡೆಯುವಂತಿಲ್ಲ ಎಂಬ ಸಾಲು ಇರಲೇಬೇಕು. ವಿದ್ಯಾರ್ಥಿಯ ಬದುಕನ್ನು ಎರಡು ಸಂಸ್ಥೆಗಳ ಚೌಕಾಸಿಗೆ ಒಡ್ಡುವುದು ಅನ್ಯಾಯ. ಹೊಸ ಆವಿಷ್ಕಾರದ ಹಕ್ಕನ್ನು ಒಂದೇ ಕಂಪನಿಗೆ ಕೊಡುವುದಾದರೆ ಬಳಕೆಯ ಕ್ಷೇತ್ರವನ್ನು ಕಿರಿದಾಗಿ ಹೇಳಿ. ಸುರಕ್ಷತೆಗೆ ಸಂಬಂಧಿಸಿದ ಫಲಿತಾಂಶ ಮಾತ್ರ ಎಲ್ಲರಿಗೂ ತೆರೆದಿರಲಿ.

ಹೆಜ್ಜೆ 4: ಡೇಟಾ

ಯೋಜನೆಗಳ ಕಾಲವನ್ನು ಹೆಚ್ಚು ತಿನ್ನುವುದು ಇದೇ. ಟರ್ಬೈನನ್ನು ದೂರದಿಂದ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ 10 ನಿಮಿಷಕ್ಕೊಮ್ಮೆ ಪ್ರತಿ ಸಂಕೇತದ, ಅಂದರೆ ಸಂವೇದಕದ ಓದಿನ, ಸರಾಸರಿ, ಕನಿಷ್ಠ, ಗರಿಷ್ಠ ಮತ್ತು ವಿಚಲನೆಯನ್ನು ಬರೆದಿಡುತ್ತದೆ. ವರ್ಷಕ್ಕೆ 52,560 ಸಾಲು. 100 ಸಂಕೇತ ಎಂದರೆ ಒಂದು ಟರ್ಬೈನಿಗೇ 2 ಕೋಟಿಗೂ ಮೀರಿದ ಸಂಖ್ಯೆಗಳು. ಪ್ರಮಾಣ ನೋಡಿ ಭರವಸೆ ಹುಟ್ಟುತ್ತದೆ, ಒಳಗೆ ಇಳಿದಾಗ ತೊಂದರೆ ಕಾಣುತ್ತದೆ.

ಮೊದಲು ಸಮಯದ ಗುರುತು ನೋಡಿ. ಅದು ಯುಟಿಸಿಯೋ (ಜಾಗತಿಕ ಪ್ರಮಾಣ ಸಮಯ) ಸ್ಥಳೀಯ ಗಡಿಯಾರವೋ? 10 ನಿಮಿಷದ ಆರಂಭವೋ ಕೊನೆಯೋ? ಯುರೋಪಿನಲ್ಲಿ ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ದಿನ ಒಂದು ಗಂಟೆ ಎರಡು ಬಾರಿ ಬರುತ್ತದೆ. ಲೇಸರಿನಿಂದ ಗಾಳಿ ಅಳೆಯುವ ಲೈಡಾರ್ ಒಂದು ಬಗೆ, ಟರ್ಬೈನ್ ಇನ್ನೊಂದು ಬಗೆ ಗುರುತು ಹಾಕಿದ್ದರೆ ಹೋಲಿಕೆಯೆಲ್ಲ 10 ನಿಮಿಷ ಜಾರಿ, ಚದುರುವಿಕೆ ಸುಮ್ಮನೆ ಹೆಚ್ಚುತ್ತದೆ. ಒಂದು ಸರಣಿಯನ್ನು ಇನ್ನೊಂದರ ಎದುರು ಜಾರಿಸುತ್ತ ಹೊಂದಿಕೆ ಅಳೆದು (ಅಡ್ಡ ಸಹಸಂಬಂಧ), ಅದರ ಶಿಖರ ಸೊನ್ನೆ ಜಾರುವಿಕೆಯಲ್ಲಿದೆಯೇ ಎಂದು ನೋಡಿದರೆ ತಪ್ಪು ಕೂಡಲೇ ಬಯಲಾಗುತ್ತದೆ.

ಆಮೇಲೆ ಉತ್ತರ ದಿಕ್ಕು. ನೆಸೆಲ್, ಅಂದರೆ ಗೋಪುರದ ತುದಿಯ ಯಂತ್ರಗಳ ಪೆಟ್ಟಿಗೆ, ಎತ್ತ ಮುಖ ಮಾಡಿದೆ ಎಂದು ದಾಖಲಾಗುವ ಕೋನ ಹತ್ತಾರು ಡಿಗ್ರಿ ತಪ್ಪಿರುವುದು, ಸೇವೆಯ ನಂತರ ಏಕಾಏಕಿ ಜಿಗಿಯುವುದು ಮಾಮೂಲು. ಇದನ್ನು ಪತ್ತೆ ಹಚ್ಚಲು ವೇಕ್ ಅನ್ನೇ ಬಳಸಿ: ನೆರೆಯ ಎರಡು ಟರ್ಬೈನುಗಳ ವಿದ್ಯುತ್ತಿನ ಅನುಪಾತವನ್ನು ದಿಕ್ಕಿನ ಎದುರು ಬಿಡಿಸಿ. ಒಂದು ಇನ್ನೊಂದರ ನೆರಳಿಗೆ ಬಿದ್ದಾಗ ಅನುಪಾತ ಕುಸಿಯುತ್ತದೆ. ನಕ್ಷೆಯ ಪ್ರಕಾರ ಆ ಕುಸಿತ 214 ಡಿಗ್ರಿಯಲ್ಲಿ ಇರಬೇಕಿತ್ತು, ಡೇಟಾದಲ್ಲಿ 226ರಲ್ಲಿದೆ ಎಂದರೆ ಕೋನ 12 ಡಿಗ್ರಿ ತಪ್ಪಿದೆ. ಪ್ರತಿ ಟರ್ಬೈನಿಗೆ, ಪ್ರತಿ ತಿಂಗಳಿಗೆ ಹೀಗೆ ಮಾಡಿ. ಇದನ್ನು ಬಿಟ್ಟು ಬರೆದ ವೇಕ್ ಪ್ರಬಂಧದ ಮೇಲೆ ಭರವಸೆ ಇಡುವುದು ಕಷ್ಟ.

ಅಲುಗದೆ ಒಂದೇ ಅಂಕಿ ತೋರುವ ಸಂವೇದಕ, ಖಾಲಿ ಜಾಗಕ್ಕೆ ತುಂಬಿದ ಸೊನ್ನೆ, ಗ್ರಿಡ್ ಆದೇಶದಿಂದ ತಗ್ಗಿಸಿದ ಉತ್ಪಾದನೆ, ತಂತ್ರಾಂಶ ನವೀಕರಣದ ದಿನ ಬದಲಾದ ವಿದ್ಯುತ್ ವಕ್ರರೇಖೆ (ಗಾಳಿಯ ವೇಗಕ್ಕೆ ತಕ್ಕ ಉತ್ಪಾದನೆಯ ರೇಖೆ) ಇವುಗಳಿಗೆಲ್ಲ ಸ್ಥಿತಿ ಸಂಕೇತಗಳ ಪಟ್ಟಿ ಮತ್ತು ಸೇವಾ ದಾಖಲೆ ಬೇಕು. ಡೇಟಾ ಕೇಳುವಾಗಲೇ ಅವನ್ನೂ ಕೇಳಿ. ಆಮೇಲೆ ಕೇಳಿದರೆ ಹೊಸ ಒಪ್ಪಂದ ಬೇಕಾದೀತು.

ಗೌಪ್ಯತೆಯ ಭಯ ನಿಜವಾದದ್ದು, ಅದಕ್ಕೆ ದಾರಿಗಳೂ ಇವೆ. ವಿದ್ಯುತ್ತನ್ನು ಗರಿಷ್ಠ ಸಾಮರ್ಥ್ಯದಿಂದ ಭಾಗಿಸಿ ಕೊಡಬಹುದು, ಅಕ್ಷಾಂಶ ರೇಖಾಂಶದ ಬದಲು ಪರಸ್ಪರ ದೂರಗಳನ್ನು ಕೊಡಬಹುದು. ಆದರೆ ಗಾಳಿಯ ವೇಗವನ್ನು ಹೀಗೆ ಭಾಗಿಸಿದರೆ ಭೌತಶಾಸ್ತ್ರವೇ ಅಳಿಸಿಹೋಗುತ್ತದೆ, ಅದಕ್ಕೆ ಒಪ್ಪಬೇಡಿ. ತೀರಾ ಸೂಕ್ಷ್ಮವಾದ ಡೇಟಾ ಆದರೆ ಕೋಡನ್ನೇ ಡೇಟಾ ಇರುವಲ್ಲಿಗೆ ಕಳಿಸಿ: ವಿಶ್ವವಿದ್ಯಾಲಯ ಬರೆದ ಪ್ರೋಗ್ರಾಂ ಕಂಪನಿಯ ಜಾಲದೊಳಗೆ ಓಡುತ್ತದೆ, ಹೊರಬರುವ ಕೋಷ್ಟಕವನ್ನು ಕಂಪನಿ ನೋಡಿ ಬಿಡುತ್ತದೆ. ಕಂಪನಿಗಳು ತಮ್ಮತಮ್ಮಲ್ಲೇ ಹೆಸರು ಮರೆಸಿ ವೈಫಲ್ಯದ ಅಂಕಿ ಹಂಚಿಕೊಳ್ಳುವ ಸ್ಪಾರ್ಟಾ ಎಂಬ ವ್ಯವಸ್ಥೆ ಬ್ರಿಟನ್ನಿನಲ್ಲಿ ನಡೆದುಬಂದಿದೆ.

ವೈಫಲ್ಯದ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. 80 ಟರ್ಬೈನ್, 5 ವರ್ಷ ಎಂದರೆ 400 ಟರ್ಬೈನ್-ವರ್ಷ. ಒಂದು ದೊಡ್ಡ ಭಾಗ ವರ್ಷಕ್ಕೆ 0.05ರ ದರದಲ್ಲಿ ಕೆಟ್ಟರೆ ಕೈಗೆ ಸಿಗುವುದು 20 ಘಟನೆ. ಅದರ ಸಾಂಖ್ಯಿಕ ಅನಿಶ್ಚಿತತೆ ಸುಮಾರು 22 ಶೇಕಡಾ. ಇಷ್ಟು ಕಡಿಮೆ ಉದಾಹರಣೆಗಳ ಮೇಲೆ ಯಂತ್ರ ಕಲಿಕೆಯ ಮಾದರಿ ಕಟ್ಟಿ 95 ಶೇಕಡಾ ನಿಖರತೆ ಸಾರುವವರನ್ನು ನಿರ್ವಹಣಾ ಎಂಜಿನಿಯರ್ ನಂಬುವುದಿಲ್ಲ, ನಂಬಲೂಬಾರದು.

ಹೆಜ್ಜೆ 5: ತೊಟ್ಟಿಯ ಪರೀಕ್ಷೆ

ತಾಂತ್ರಿಕ ಸಿದ್ಧತೆಯನ್ನು 1ರಿಂದ 9ರವರೆಗೆ ಅಳೆಯುವ ಟಿಆರ್‌ಎಲ್ ಮಾಪನದಲ್ಲಿ ವಿಶ್ವವಿದ್ಯಾಲಯದ ಹಣ 4ರ ಹೊತ್ತಿಗೆ ಮುಗಿಯುತ್ತದೆ, ಕಂಪನಿಯ ಆಸಕ್ತಿ 7ರ ಸುಮಾರಿಗೆ ಶುರುವಾಗುತ್ತದೆ. ನಡುವಿನ ಅಂತರವನ್ನು ತುಂಬುವುದು ಪರೀಕ್ಷೆಗಳು. ತೇಲುವ ಟರ್ಬೈನುಗಳಲ್ಲಿ ಅದು ಅಲೆತೊಟ್ಟಿಯಿಂದ ಆರಂಭವಾಗುತ್ತದೆ.

1:50 ಅಳತೆಯ ಮಾದರಿ ತೆಗೆದುಕೊಳ್ಳಿ. ಅಲೆಗಳಿಗೆ ಗುರುತ್ವವೇ ಮುಖ್ಯವಾದ್ದರಿಂದ ಫ್ರೂಡ್ ಸಂಖ್ಯೆಯನ್ನು, ಅಂದರೆ ಜಡತ್ವಕ್ಕೂ ಗುರುತ್ವಕ್ಕೂ ಇರುವ ಅನುಪಾತವನ್ನು, ಹೊಂದಿಸುತ್ತೇವೆ. ಆಗ 10 ಮೀಟರಿನ ಅಲೆ 20 ಸೆಂಟಿಮೀಟರು ಆಗುತ್ತದೆ, ಕಾಲ 50ರ ವರ್ಗಮೂಲದಷ್ಟು, ಅಂದರೆ 7.07 ಪಟ್ಟು ಕುಗ್ಗಿ 3 ಗಂಟೆಯ ಬಿರುಗಾಳಿ 25 ನಿಮಿಷಕ್ಕೆ ಬರುತ್ತದೆ. ರಾಶಿ 1,25,000 ಪಟ್ಟು ಕುಗ್ಗುತ್ತದೆ: 1,000 ಟನ್ನಿನ ನೆಸೆಲ್ ಮತ್ತು ರೋಟರ್ ಸೇರಿ 8 ಕಿಲೋ. ಮೋಟರ್, ಸಂವೇದಕ, ತಂತಿ ಎಲ್ಲ ಆ 8 ಕಿಲೋದೊಳಗೇ ಅಡಗಬೇಕು. 2,500 ಕಿಲೋನ್ಯೂಟನ್ ಗಾಳಿಯ ತಳ್ಳುಬಲ 20 ನ್ಯೂಟನ್ ಆಗುತ್ತದೆ. ಇಷ್ಟು ಚಿಕ್ಕ ಬಲದ ಪಕ್ಕದಲ್ಲಿ ಸಂಕೇತ ತಂತಿಗಳ ಗಂಟಿನ ಬಿಗಿತವೇ ಮಾದರಿಯ ಚಲನೆಯನ್ನು ಕೆಡಿಸುತ್ತದೆ. ತಂತಿಯನ್ನು ಸಡಿಲವಾಗಿ ಮೇಲಿನಿಂದ ಇಳಿಬಿಡಿ, ತಂತಿ ಕಟ್ಟಿ ಒಮ್ಮೆ, ಕಟ್ಟದೆ ಒಮ್ಮೆ ಕಂಪನ ಪರೀಕ್ಷೆ ಮಾಡಿ ವ್ಯತ್ಯಾಸವನ್ನು ವರದಿಯಲ್ಲಿ ಬರೆಯಿರಿ.

ಫ್ರೂಡ್ ಹೊಂದಿದಾಗ ರೆನಾಲ್ಡ್ಸ್ ಸಂಖ್ಯೆ, ಅಂದರೆ ಜಡತ್ವಕ್ಕೂ ಗಾಳಿಯ ಸ್ನಿಗ್ಧತೆಗೂ ಇರುವ ಅನುಪಾತ, ಸುಮಾರು 350 ಪಟ್ಟು ಕುಸಿಯುತ್ತದೆ. ನಿಜವಾದ ಬ್ಲೇಡನ್ನೇ ಚಿಕ್ಕದಾಗಿ ಮಾಡಿ ತಿರುಗಿಸಿದರೆ ತಳ್ಳುಬಲ ಸಾಕಷ್ಟು ಬರುವುದಿಲ್ಲ. ಎರಡು ಪರಿಹಾರ: ಆಕಾರ ಬೇರೆಯಾದರೂ ತಳ್ಳುಬಲ ಸರಿಯಾಗುವಂತೆ ಅಗಲವಾದ ಬ್ಲೇಡನ್ನು ಹೊಸದಾಗಿ ವಿನ್ಯಾಸಗೊಳಿಸುವುದು, ಅಥವಾ ರೋಟರನ್ನೇ ಬಿಟ್ಟು, ಗಣಕ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿದ ಬಲವನ್ನು ಫ್ಯಾನು ಅಥವಾ ಎಳೆಹುರಿಯಿಂದ ಹಾಕುವುದು. ಎರಡನೆಯದರಲ್ಲಿ ವಿಳಂಬವನ್ನು ಅಳೆದು ಸರಿದೂಗಿಸದಿದ್ದರೆ ಓಲಾಟವನ್ನು ತಗ್ಗಿಸುವ ಗಾಳಿಯ ತಡೆ ಹೋಗಿ ಸುಳ್ಳು ಕಂಪನ ಹುಟ್ಟುತ್ತದೆ.

ಪರೀಕ್ಷೆಯ ಕ್ರಮವನ್ನು ಅವಸರದಲ್ಲಿ ತಿರುವುಮುರುವು ಮಾಡಬೇಡಿ: ಮೊದಲು ಸ್ಥಿರವಾಗಿ ಎಳೆದು ಲಂಗರು ಹುರಿಗಳ ಬಿಗಿತ, ಆಮೇಲೆ ನಿಶ್ಚಲ ನೀರಿನಲ್ಲಿ ಬಿಟ್ಟು ಬಿಡುವ ಕಂಪನ, ನಂತರ ಏಕರೂಪದ ಅಲೆ, ಅನಿಯತ ಅಲೆ, ಕೊನೆಗೆ ಗಾಳಿ ಮತ್ತು ಅಲೆ ಒಟ್ಟಿಗೆ. ಒಂದು ಪ್ರಕರಣವನ್ನಾದರೂ ಹಲವು ಬಾರಿ ಪುನರಾವರ್ತಿಸಿ. ಪುನರಾವರ್ತನೆಯ ಚದುರುವಿಕೆ ಗೊತ್ತಿಲ್ಲದೆ ಮಾದರಿಗೂ ತೊಟ್ಟಿಗೂ ಇರುವ ವ್ಯತ್ಯಾಸಕ್ಕೆ ಅರ್ಥವಿಲ್ಲ.

ಹೆಜ್ಜೆ 6: ಸಮುದ್ರದಲ್ಲಿ ಅಳತೆ

ಅಳತೆಯ ಉಪಕರಣವನ್ನು ಕಾರ್ಖಾನೆಯಲ್ಲೇ ಕೂರಿಸಿ. ಸ್ಥಾವರ ನಿಂತ ಮೇಲೆ ಒಂದೊಂದು ತಂತಿಗೂ ದೋಣಿ ಬೇಕು. ಸಿಬ್ಬಂದಿ ದೋಣಿಯಿಂದ ಟರ್ಬೈನಿಗೆ ದಾಟಲು ಸಾಮಾನ್ಯವಾಗಿ ಅಲೆಯ ಗಣನೀಯ ಎತ್ತರ (ಅತಿ ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ) 1.5 ಮೀಟರಿನೊಳಗೆ ಇರಬೇಕು. ಜರ್ಮನಿಯಲ್ಲಿ 2010ರಲ್ಲಿ ಕಾರ್ಯಾರಂಭಿಸಿದ, 5 ಮೆಗಾವ್ಯಾಟಿನ 12 ಟರ್ಬೈನುಗಳ ಆಲ್ಫಾ ವೆಂಟಸ್ ಸ್ಥಾವರ ಇದಕ್ಕೆ ಒಳ್ಳೆಯ ಮಾದರಿ. ಅದರ ಜೊತೆಗೇ ರಾವೆ ಎಂಬ ಸಂಶೋಧನಾ ಕಾರ್ಯಕ್ರಮ ಹೊರಟಿತು, ಪಕ್ಕದಲ್ಲಿ 2003ರಿಂದಲೇ ಫಿನೋ 1 ಎಂಬ ಅಳತೆ ವೇದಿಕೆ ನಿಂತಿತ್ತು.

ಉಕ್ಕು ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಸ್ಟ್ರೇನ್ ಗೇಜುಗಳನ್ನು ಪ್ರತಿ ಅಡ್ಡಕೊಯ್ತದಲ್ಲಿ 90 ಡಿಗ್ರಿಗೊಂದರಂತೆ ನಾಲ್ಕು ಇಡಿ. ಎದುರುಬದುರಿನ ಜೋಡಿಯ ವ್ಯತ್ಯಾಸದಿಂದ ಬಾಗುವಿಕೆ ಸಿಗುತ್ತದೆ, ತಾಪದ ಪರಿಣಾಮ ಬಹುಮಟ್ಟಿಗೆ ಕಳೆದುಹೋಗುತ್ತದೆ, ಒಂದು ಸತ್ತರೂ ಉಳಿದವು ಕೆಲಸ ಮಾಡುತ್ತವೆ. ಮಣ್ಣಿನೊಳಗೆ ಹೋಗುವ ಗೇಜುಗಳಲ್ಲಿ ಎಷ್ಟೋ ಸುತ್ತಿಗೆಯ ಬಡಿತಕ್ಕೇ ಸಾಯುತ್ತವೆ, ಅಲ್ಲಿ ದುಪ್ಪಟ್ಟು ಇಡಿ. ಗೋಪುರದ ಮೊದಲ ಸಹಜ ಆವರ್ತನ ಸಾಮಾನ್ಯವಾಗಿ 0.2ರಿಂದ 0.35 ಹರ್ಟ್ಸ್, ಆದ್ದರಿಂದ 20 ಹರ್ಟ್ಸ್ ದಾಖಲೆ ಧಾರಾಳ. ಎಲ್ಲ ದಾಖಲೆ ಪೆಟ್ಟಿಗೆಗಳಿಗೂ ಜಿಪಿಎಸ್ ಗಡಿಯಾರ ಇರಲಿ. ಸಂಶೋಧನೆಯ ಜಾಲ ಟರ್ಬೈನಿನ ನಿಯಂತ್ರಣ ಜಾಲದಿಂದ ಪೂರ್ತಿ ಬೇರೆಯಾಗಿರಲಿ. ಭದ್ರತಾ ವಿಭಾಗದವರು ಯೋಜನೆಯನ್ನು ನಿಲ್ಲಿಸುವುದು ಇಲ್ಲೇ.

ಗೇಜುಗಳ ಸೊನ್ನೆ ಕಾಲಕ್ರಮದಲ್ಲಿ ಸರಿಯುತ್ತದೆ. ಅದನ್ನು ಸರಿಪಡಿಸಲು ಗಾಳಿ ತೀರಾ ಕಡಿಮೆ ಇರುವಾಗ, ರೋಟರ್ ಉತ್ಪಾದನೆಯಲ್ಲಿ ಇಲ್ಲದಾಗ, ನೆಸೆಲನ್ನು 360 ಡಿಗ್ರಿ ಸುತ್ತಿಸಿ. ನೆಸೆಲಿನ ಭಾರದ ಕೇಂದ್ರ ಗೋಪುರದ ನಡುವಿನಿಂದ ಸ್ವಲ್ಪ ಆಚೆ ಇರುವುದರಿಂದ ಪ್ರತಿ ಗೇಜೂ ಒಂದು ಸೈನ್ ಅಲೆ ಬರೆಯುತ್ತದೆ. ಅಲೆಯ ಎತ್ತರ ಭಾರ ಮತ್ತು ದೂರದ ಗುಣಲಬ್ಧಕ್ಕೆ ಹೊಂದಬೇಕು, ನಡುಗೆರೆಯೇ ಸೊನ್ನೆ. ತಯಾರಕರಿಂದ ಆ ಭಾರ ಮತ್ತು ದೂರವನ್ನು ಒಪ್ಪಂದದಲ್ಲೇ ಪಡೆದಿರಿ. ಮೂರು ತಿಂಗಳಿಗೊಮ್ಮೆ ಹೀಗೆ ಮಾಡುವುದು ಅತಿಯಲ್ಲ: ಮತ್ತೆ ಮತ್ತೆ ಬೀಳುವ ಹೊರೆಗೆ ಉಕ್ಕು ಸೋಲುವ ದಣಿವಿನ ಲೆಕ್ಕದಲ್ಲಿ ಒತ್ತಡ 3ರಿಂದ 5ನೇ ಘಾತಕ್ಕೆ ಏರುತ್ತದೆ, ಹಾಗಾಗಿ ಅಳತೆಯಲ್ಲಿ 10 ಶೇಕಡಾ ತಪ್ಪಾದರೆ ಹಾನಿಯ ಅಂದಾಜು 33ರಿಂದ 61 ಶೇಕಡಾ ತಪ್ಪುತ್ತದೆ.

ಗಾಳಿ ಅಳೆಯಲು ತೇಲುವ ಲೈಡಾರ್ ಬಳಸುವುದಾದರೆ ಕಾರ್ಬನ್ ಟ್ರಸ್ಟಿನ ಮಾರ್ಗಸೂಚಿ ಇದೆ: ನಂಬಲರ್ಹ ಉಲ್ಲೇಖದ ಎದುರು ಸರಾಸರಿ ವೇಗದ ಹೊಂದಿಕೆ ರೇಖೆಯ ಇಳಿಜಾರು 0.98ರಿಂದ 1.02ರೊಳಗೆ ಬಂದರೆ ಉತ್ತಮ. ಸರಾಸರಿ ವೇಗಕ್ಕೆ ಅದು ಒಳ್ಳೆಯ ಸಾಧನ. ಪ್ರಕ್ಷುಬ್ಧತೆಯ ಅಂಕಿಯನ್ನು ಮಾತ್ರ ತಿದ್ದದೆ ಬಳಸಬೇಡಿ, ತೇಲುಬುರುಡೆಯ ಓಲಾಟವೇ ಅದರಲ್ಲಿ ಬೆರೆತಿರುತ್ತದೆ.

ಟರ್ಬೈನಿಗೆ ಹೋಗುವ ಸಂಶೋಧಕರಿಗೆ ಗ್ಲೋಬಲ್ ವಿಂಡ್ ಆರ್ಗನೈಸೇಶನ್ (ಜಿಡಬ್ಲ್ಯೂಒ) ಗೊತ್ತುಪಡಿಸಿದ ಮೂಲ ಸುರಕ್ಷತಾ ತರಬೇತಿ, ಅಂದರೆ ಪ್ರಥಮ ಚಿಕಿತ್ಸೆ, ಭಾರ ಎತ್ತುವಿಕೆ, ಬೆಂಕಿ, ಎತ್ತರದ ಕೆಲಸ, ಸಮುದ್ರದಲ್ಲಿ ಬದುಕುಳಿಯುವಿಕೆ, ಬೇಕು. ಪ್ರಮಾಣಪತ್ರಕ್ಕೆ 2 ವರ್ಷ ಮಾನ್ಯತೆ. ಆ ಖರ್ಚನ್ನು ಮೊದಲ ಬಜೆಟ್ಟಿನಲ್ಲೇ ಸೇರಿಸಿ.

ಹೆಜ್ಜೆ 7: ಉತ್ತರ ನೋಡದೆ ಹೋಲಿಸಿ

ಅಳತೆ ಕಂಡ ಮೇಲೆ ಮಾದರಿಯನ್ನು ತಿರುಚಿ ಹೊಂದಿಸುವುದು ಯಾರಿಗಾದರೂ ಸಾಧ್ಯ. ಆದ್ದರಿಂದ ಎಲ್ಲ ತಂಡಗಳೂ ಮುನ್ನಂದಾಜನ್ನು ಮೊದಲು ಒಪ್ಪಿಸಬೇಕು, ಅಳತೆಯನ್ನು ಆಮೇಲೆ ತೆರೆಯಬೇಕು. ಐಇಎ ವಿಂಡ್ ಆಶ್ರಯದ ಓಸಿ3, ಓಸಿ4, ಓಸಿ5, ಓಸಿ6 ಎಂಬ ಯೋಜನೆಗಳು ವಿಶ್ವವಿದ್ಯಾಲಯ ಮತ್ತು ಕಂಪನಿಗಳ ತಂತ್ರಾಂಶಗಳನ್ನು ಒಂದೇ ಮೇಜಿನ ಮೇಲೆ ಇಟ್ಟವು. ಓಸಿ5ರಲ್ಲಿ ಅರೆಮುಳುಗಿದ ತೇಲುವೇದಿಕೆಯ 1:50 ಮಾದರಿಯ ತೊಟ್ಟಿ ಅಳತೆಗಳಿಗೆ ಹೋಲಿಸಿದಾಗ ತಂತ್ರಾಂಶಗಳು ಗರಿಷ್ಠ ಮತ್ತು ದಣಿವಿನ ಹೊರೆಗಳನ್ನು ಸರಾಸರಿ 20 ಶೇಕಡಾದಷ್ಟು ಕಡಿಮೆ ಹೇಳುತ್ತಿದ್ದವು. ಮೂಲ ಎಲ್ಲಿದೆ ಎಂದು ಹುಡುಕಲು ಓಸಿ6ರಲ್ಲಿ ವೇದಿಕೆಯ ನಿಧಾನ ಓಲಾಟವನ್ನು ಹುಟ್ಟಿಸುವ ಅರೇಖೀಯ ಅಲೆಬಲಗಳನ್ನೇ ಪ್ರತ್ಯೇಕಿಸಿ ಪರೀಕ್ಷಿಸಿದರು. ಎಲ್ಲರ ತಪ್ಪೂ ಒಂದೇ ದಿಕ್ಕಿಗಿದೆ ಎಂಬುದು ಒಂದೊಂದೇ ತಂಡ ತನ್ನಷ್ಟಕ್ಕೆ ಕೆಲಸ ಮಾಡಿದ್ದರೆ ಕಾಣುತ್ತಲೇ ಇರಲಿಲ್ಲ. ಸಣ್ಣ ಯೋಜನೆಯಲ್ಲೂ ಇದನ್ನು ಮಾಡಬಹುದು: ಅಳತೆಯ ಮೂರನೇ ಒಂದು ಭಾಗವನ್ನು ಕಂಪನಿ ಕೊನೆಯವರೆಗೆ ತನ್ನಲ್ಲೇ ಇಟ್ಟುಕೊಳ್ಳಲಿ.

ಹೆಜ್ಜೆ 8: ನಿಯಮದ ಪುಸ್ತಕಕ್ಕೆ

ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಇಸಿಯ ಮಾನಕಗಳಲ್ಲಿ ಸಮುದ್ರತಳಕ್ಕೆ ನೆಟ್ಟ ಟರ್ಬೈನಿಗೆ 61400-3-1, ತೇಲುವುದಕ್ಕೆ 61400-3-2. ಎರಡೂ ಮೊದಲು 2019ರಲ್ಲಿ ಬಂದವು, ಎರಡನೆಯದು ಆಗ ತಾಂತ್ರಿಕ ನಿರ್ದೇಶನವಾಗಿತ್ತು. ಇವುಗಳ ಪರಿಷ್ಕರಣೆಗೆ ವರ್ಷಗಳು ಹಿಡಿಯುತ್ತವೆ, ಆದ್ದರಿಂದ ರಾಷ್ಟ್ರೀಯ ಮಾನಕ ಸಮಿತಿಯಲ್ಲಿ ಸಂಶೋಧಕರೊಬ್ಬರು ಈಗಲೇ ಸದಸ್ಯರಾಗಲಿ. ಬೇಗನೆ ತಲುಪುವ ದಾರಿ, ಪ್ರಮಾಣೀಕರಣ ಸಂಸ್ಥೆ ನಡೆಸುವ ಜಂಟಿ ಉದ್ಯಮ ಯೋಜನೆ. ಮೊನೊಪೈಲನ್ನು ಮೇಲಿನ ತುಂಡಿಗೆ ಸೇರಿಸುವ ಗ್ರೌಟ್ (ಸಿಮೆಂಟಿನಂಥ ಗಾರೆ ತುಂಬಿದ) ಕೀಲುಗಳು 2009-10ರ ಹೊತ್ತಿಗೆ ಹಲವು ಸ್ಥಾವರಗಳಲ್ಲಿ ಕೆಳಕ್ಕೆ ಜಾರುತ್ತಿರುವುದು ಕಂಡಿತು. ನಯವಾದ ಸಿಲಿಂಡರ್ ಕೀಲು ಮತ್ತೆ ಮತ್ತೆ ಬಾಗಿ ಸವೆದಾಗ ಭಾರ ಹೊರುವ ಹಿಡಿತ ಕಳೆದುಕೊಳ್ಳುತ್ತಿತ್ತು. ಡಿಎನ್‌ವಿ ಎಂಬ ಪ್ರಮಾಣೀಕರಣ ಸಂಸ್ಥೆ ಜಂಟಿ ಯೋಜನೆ ನಡೆಸಿ, 2011ರಲ್ಲೇ ತನ್ನ ಮಾನಕವನ್ನು ಬದಲಿಸಿತು. 1ರಿಂದ 3 ಡಿಗ್ರಿ ಓರೆಯ ಶಂಕುವಿನಾಕಾರದ ಕೀಲು ಬಂತು.

ಪ್ರಮಾಣೀಕರಣ ಸಂಸ್ಥೆಗೆ ಪ್ರಬಂಧ ಕಳಿಸಿದರೆ ಸಾಲದು. ಅವರಿಗೆ ಬೇಕಾದ್ದು ವಿಧಾನ ಎಲ್ಲಿಂದ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬ ಮಿತಿ (ಪೀಸಾದಲ್ಲಿ ಉದ್ದ-ವ್ಯಾಸದ ಅನುಪಾತ 2ರಿಂದ 6), ಅನಿಶ್ಚಿತತೆಯ ಸಂಖ್ಯೆ, ಸುರಕ್ಷತಾ ಗುಣಾಂಕಗಳು ಈ ವಿಧಾನಕ್ಕೂ ಸರಿಹೊಂದುತ್ತವೆಯೇ ಎಂಬ ಲೆಕ್ಕ, ಮತ್ತು ಬೇರೆಯವರು ಮೊದಲಿನಿಂದ ಮಾಡಿ ನೋಡಬಹುದಾದ ಕೆಲವು ಉದಾಹರಣೆಗಳು. ಹೊಸ ತಂತ್ರಜ್ಞಾನವಾದರೆ ಡಿಎನ್‌ವಿ-ಆರ್‌ಪಿ-ಎ203 ಎಂಬ ಅರ್ಹತಾ ವಿಧಾನದ ಕ್ರಮದಲ್ಲೇ ಯೋಜನೆಯ ಕೆಲಸಗಳನ್ನು ಜೋಡಿಸಿ. ಆಗ ಪ್ರತಿ ವರದಿಯೂ ನೇರವಾಗಿ ಅವರ ಕಡತಕ್ಕೆ ಸೇರುತ್ತದೆ.

ಇನ್ನೂ ಜೊತೆಗಾರ ಸಿಗದವರಿಗೆ

ಮುಕ್ತ ಸಾಮಗ್ರಿಯಿಂದ ಶುರು ಮಾಡಿ. 15 ಮೆಗಾವ್ಯಾಟ್ ರೆಫರೆನ್ಸ್ ಟರ್ಬೈನ್ ಮತ್ತು ಓಪನ್‌ಫಾಸ್ಟ್ ಉಚಿತ. ಫ್ರಾನ್ಸಿನ ಎಂಜಿ ಕಂಪನಿ ಲಾ ಓಟ್ ಬೋರ್ನ್ ಎಂಬ ನೆಲದ ಸ್ಥಾವರದ ಸ್ಕಾಡಾ ಡೇಟಾವನ್ನು ಸಾರ್ವಜನಿಕಗೊಳಿಸಿತ್ತು. ಉತ್ತರ ದಿಕ್ಕಿನ ತಪ್ಪು ಹುಡುಕುವುದನ್ನು ಕಲಿಯಲು ಅಂಥ ಡೇಟಾ ಸಾಕು. ಒಂದು ಪ್ರಶ್ನೆ, ಅದರ ಮೇಲೆ ನೀವು ಈಗಾಗಲೇ ಮಾಡಿದ ಲೆಕ್ಕ, ಕಂಪನಿಯಿಂದ ಬೇಕಾದ ಸಂಕೇತಗಳ ನಿಖರವಾದ ಪಟ್ಟಿ, 6 ತಿಂಗಳಲ್ಲಿ ಕೊಡುವ ಫಲ ಇಷ್ಟನ್ನು ಎರಡು ಪುಟದಲ್ಲಿ ಬರೆದು ನಿರ್ವಹಣಾ ಎಂಜಿನಿಯರಿಗೆ ಕಳಿಸಿ. ಕಂಪನಿಯವರಾದರೆ ವಿದ್ಯಾರ್ಥಿಗೆ ಮೇಜು ಕೊಡಿ: ಬ್ರಿಟನ್ನಿನ ಐಡಿಕೋರ್ ಕೇಂದ್ರದ ಎಂಜಿನಿಯರಿಂಗ್ ಡಾಕ್ಟರೇಟಿನಲ್ಲಿ ಸಂಶೋಧಕರು ಹೆಚ್ಚಿನ ಕಾಲ ಕಂಪನಿಯೊಳಗೇ ಕಳೆಯುತ್ತಾರೆ. ಅವರು ಹೊರಡುವ ಮೂರು ತಿಂಗಳು ಮುಂಚೆ ಬೇರೊಬ್ಬ ಎಂಜಿನಿಯರ್ ಅವರ ಕೋಡನ್ನು ಖಾಲಿ ಗಣಕದಲ್ಲಿ ಮೊದಲಿನಿಂದ ಓಡಿಸಿ ಅದೇ ಉತ್ತರ ಪಡೆಯಬೇಕು. ಪಡೆಯಲಾಗದಿದ್ದರೆ ಉಳಿದ ಮೂರು ತಿಂಗಳನ್ನು ಹೊಸ ಪ್ರಬಂಧಕ್ಕೆ ಕೊಡದೆ ಅದನ್ನು ಸರಿಪಡಿಸಲು ಕೊಡಿ.